ಡಬ್ಬಿಯ ಹಿಡಿಯ ಮೇಲಿನ ತುಕ್ಕು

ನಾನು ಚಿತ್ರ ಬರೆದು ಹೊಟ್ಟೆ ಹೊರೆಯುವವಳು. ಇಲ್ಲದ್ದನ್ನು ಇದ್ದಂತೆ ತೋರಿಸುವುದೇ ನನ್ನ ಕಸುಬು. ಆದರೆ ಇದು ಮಾತ್ರ ನನ್ನ ಕೈಕೆಲಸವಲ್ಲ.

ಅಣ್ಣ ತೀರಿಕೊಂಡ ತಿಂಗಳಿಗೆ ಅತ್ತಿಗೆ, ಅವನ ಲೇತ್ ಮಷಿನ್ನಿನ ಕೆಳಗೆ ಬಿದ್ದಿದ್ದ ಕಬ್ಬಿಣದ ಪುಡಿ ತಂದುಕೊಟ್ಟಳು.

"ಗುಡಿಸಿ ಬಿಸಾಕೋಕೆ ಮನಸ್ಸು ಬರ್ಲಿಲ್ಲ ಕಣೇ. ನಿನ್ನ ಚಿತ್ರಕ್ಕಾದ್ರೂ ಆಗ್ಲಿ."

ಪುಡಿಯನ್ನು ಅಂಟಿನಲ್ಲಿ ಕಲಸಿ, ಹಲಗೆಯ ಮೇಲೆ ಆ ಮಷಿನ್ನನ್ನೇ ಬರೆದೆ. ಪಕ್ಕದಲ್ಲಿ ಅಣ್ಣನ ಊಟದ ಡಬ್ಬಿ, ಬರೀ ನೀಲಿ ಬಣ್ಣದಲ್ಲಿ. ಉಪ್ಪು ಬೆರೆಸಿದ ವಿನೆಗರ್ ಚಿಮುಕಿಸಿದರೆ ಕಬ್ಬಿಣವಿದ್ದಲ್ಲಿ ಮಾತ್ರ ತುಕ್ಕು ಏಳುತ್ತದೆ. ಸಂಜೆಯೊಳಗೆ ಮಷಿನ್ ಕೆಂಪಾಯಿತು. ಒಣಗಿದ ಮೇಲೆ ಎರಡು ಸಲ ವಾರ್ನಿಷ್ ಹೊಡೆದೆ.

ಮೂರನೆಯ ದಿನ ಮಧ್ಯಾಹ್ನ ಅತ್ತಿಗೆ ನೋಡಲು ಬಂದಾಗ, ನೀಲಿ ಡಬ್ಬಿಯ ಹಿಡಿಯ ಮೇಲೆ ಹಸಿ ತುಕ್ಕಿನ ಕಲೆಯಿತ್ತು. ವಿನೆಗರಿನ ಹುಳಿ ವಾಸನೆ ಇರಲಿಲ್ಲ. ಮುಟ್ಟಿದರೆ ಬೆಚ್ಚಗಿತ್ತು. ನಾನು ಕೈ ಹಿಂದೆಗೆದೆ. ಅತ್ತಿಗೆ ಹೆದರಲಿಲ್ಲ, ಸೆರಗಿನಿಂದ ಒರೆಸಿದಳು.

"ಕೈ ತೊಳ್ಕೊಂಡು ಡಬ್ಬಿ ಮುಟ್ಟಿ ಅಂತ ಇವರಿಗೆ ಎಷ್ಟು ಸಲ ಹೇಳೋದು," ಎಂದಳು.

ಅಂದಿನಿಂದ ದಿನಾ ಊಟದ ಹೊತ್ತಿಗೆ ಬಂದು ಒರೆಸುತ್ತಿದ್ದಳು. ಮರುದಿನ ಕಲೆ ಮತ್ತೆ ಇರುತ್ತಿತ್ತು.

ಕಳೆದ ವಾರ ಅವಳಿಗೆ ಮೂರು ದಿನ ಜ್ವರ. ಆ ಮೂರೂ ದಿನ ಹಿಡಿ ನೀಲಿಯಾಗಿಯೇ ಉಳಿಯಿತು. ಕೊನೆಯ ದಿನ ಮಧ್ಯಾಹ್ನ, ಅವಳ ಹಣೆಯ ಒದ್ದೆ ಬಟ್ಟೆ ಬದಲಿಸಲು ಹೋದೆ. ಮನೆಯಲ್ಲಿ ಅವಳೊಬ್ಬಳೇ, ಗಾಢ ನಿದ್ದೆಯಲ್ಲಿದ್ದಳು. ಬೆಳಿಗ್ಗೆ ನಾನೇ ಒಗೆದು ಹಣೆಗೆ ಹಾಕಿದ್ದ ಬಿಳಿ ಬಟ್ಟೆಯ ಮೇಲೆ, ಜ್ವರ ಮುಟ್ಟಿ ನೋಡಿದಂತೆ, ತುಕ್ಕಿನ ನಾಲ್ಕು ಬೆರಳು ಮೂಡಿದ್ದವು.