ಓರೆಯಾಗಿ ಹೊರಟ ಹರಿಗೋಲು

ಹಿಂದೆ, ಹೊಳೆಗಳಿಗೂ ಹಟವಿದ್ದ ಕಾಲದಲ್ಲಿ, ಸುಳಿನಾಡು ಅಂತ ಒಂದು ರಾಜ್ಯವಿತ್ತು. ಅಲ್ಲಿನ ಅಂಬಿಗರ ಮಗಳು ಸಂಪಿಯನ್ನು ಗುಡ್ಡದ ಜೇನುಗಾರ ಬೊಮ್ಮ ಮದುವೆಯಾಗಿ ಹೊಳೆದಂಡೆಗೆ ಬಂದಿದ್ದ. ಒಳ್ಳೆ ಗಟ್ಟಿ ಆಳು. ಆದರೆ ಗುಡ್ಡದವನಲ್ಲವೇ, ಮುಖ ಮಾಡಿದ ಕಡೆಗೇ ಹೋಗಿ ಮುಟ್ಟುತ್ತೇನೆ ಅಂತ ನಂಬಿದವನು.

ಹೊಳೆಯ ನಡುಗಡ್ಡೆಯಲ್ಲಿ ಧೂಮಕೇಶನೆಂಬ ಮಾಟಗಾರನಿದ್ದ. ಒಂದು ದಿನ ಅವನು ಸಂಪಿಯನ್ನು ಎತ್ತಿಕೊಂಡು ಹೋಗಿ ತನ್ನ ಕಲ್ಲುಮೆಟ್ಟಿಲ ಮೇಲೆ ನಿಲ್ಲಿಸಿಬಿಟ್ಟ. ಅವನ ಎರಡು ತಲೆಯ ಮೊಸಳೆ ಈಜಿಬಂದು ಬೊಮ್ಮನಿಗೆ ಹೇಳಿತು:

"ಮೆಟ್ಟಿಲಿಗೆ ಎದುರಾಗಿರೋ ಈ ಗೂಟದಿಂದ ಹೊರಟು, ನಿನ್ನ ಹರಿಗೋಲು ಆ ಮೆಟ್ಟಿಲಿಗೇ ತಾಗಬೇಕು. ಮೂರು ಸಲ ಬಿಡುತ್ತೇವೆ. ಮೂರೂ ತಪ್ಪಿದರೆ ಅವಳು ಪೂರ್ತಿ ಕಲ್ಲು."

ಬೊಮ್ಮ ಹೊರಡುವಾಗ ಹೆಂಡತಿಯ ಮುಖ ನೋಡಿ, ಅದೇ ದಿಕ್ಕು ಹಿಡಿದು ಬದಲಿಸದೆ ಹುಟ್ಟು ಹಾಕಿದ. ಹೊಳೆ ಅವನನ್ನು ಎಳೆದೊಯ್ದು ಎಷ್ಟೋ ಕೆಳಗೆ ದಡಕ್ಕೆ ಬಿಟ್ಟಿತು. ಸಂಪಿ ಮೊಣಕಾಲಿನವರೆಗೆ ಕಲ್ಲಾದಳು.

ಎರಡನೇ ಸಲವೂ ಅವಳ ಮುಖಕ್ಕೇ ನೇರ ಹೊರಟ. ಈ ಸಲ ಅಂಗೈಗೆ ಬೊಬ್ಬೆ ಬರುವಷ್ಟು ಜೋರು. ತಪ್ಪಿದ್ದು ಸ್ವಲ್ಪದರಲ್ಲೇ, ಆದರೂ ತಪ್ಪಿತು. ಸಂಪಿ ಕುತ್ತಿಗೆಯವರೆಗೆ ಕಲ್ಲಾದಳು. ಬೊಮ್ಮ ಮರಳಿನ ಮೇಲೆ ಕೂತು ಅತ್ತ. ಅಳದೆ ಇನ್ನೇನು ಮಾಡ್ತಾನೆ, ಪಾಪ.

ಆಗ ಅತ್ತೆ ಹಾಲವ್ವ ಪಕ್ಕಕ್ಕೆ ಬಂದು ಕೂತಳು. ಅಂಬಿಗರು ಹೊಸ ಹೊಳೆಗಿಳಿಯುವ ಮುಂಚೆ ಎಲೆ ತೇಲಿಬಿಟ್ಟು ನೀರಿನ ಓಟ ಅಳೆಯುತ್ತಾರೆ. ಅವಳೂ ಅಳೆದಿದ್ದಳು.

"ಅಳಿಯಪ್ಪ, ನಿಂತ ನೀರಲ್ಲಿ ನೀನು ಐದು ಮಾರು ಹೋಗೋಷ್ಟರಲ್ಲಿ ಈ ಹೊಳೆ ನಾಲ್ಕು ಮಾರು ಹರಿಯುತ್ತೆ. ಇಬ್ಬರ ಬಲಾನೂ ಕೂಡಿಸಬೇಕು. ಇಲ್ಲಿ ನೋಡು."

ಐದು ಗೇಣಿನ ಕಡ್ಡಿಯನ್ನು ಮರಳ ಮೇಲೆ ನೀರು ಬರುವ ಕಡೆಗೆ ಓರೆಯಾಗಿಟ್ಟಳು. ಅದರ ತುದಿಗೆ ನಾಲ್ಕು ಗೇಣಿನ ಕಡ್ಡಿಯ ಬುಡ ಸೇರಿಸಿ, ನೀರು ಹರಿಯುವ ದಿಕ್ಕಿಗೇ ಇಟ್ಟಳು. ಮೊದಲ ಕಡ್ಡಿಯ ಬುಡದಿಂದ ಎರಡನೆಯದರ ತುದಿಗೆ ಬೆರಳಲ್ಲಿ ಗೆರೆ ಎಳೆದಳು. ಗೆರೆ ನೆಟ್ಟಗೆ ಸಂಪಿಯ ಕಡೆಗಿತ್ತು.

ಬೊಮ್ಮ ಗೇಣು ಹಾಕಿ ನೋಡಿದ. "ಐದೂ ನಾಲ್ಕೂ ಕೂಡಿ ಬರೀ ಮೂರೇ ಆಯ್ತಲ್ಲ ಅತ್ತೆ?"

"ಮೂರಾದರೇನಪ್ಪ, ಅವಳ ಕಡೆಗಿದೆಯಲ್ಲ. ಆದರೆ ನೀನು ಅವಳ ಕಡೆ ನೋಡಬಾರದು. ಈ ಐದು ಗೇಣಿನ ಕಡ್ಡಿ ತೋರಿಸೋ ಕಡೆಗೇ ಮುಖವಿಟ್ಟು ಹುಟ್ಟು ಹಾಕು."

ಮೂರನೇ ಸಲ ಬೊಮ್ಮ ಹೆಂಡತಿಯಿಂದ ಮುಖ ತಿರುಗಿಸಿ ಹೊರಟ. ಸಂಪಿಯ ಕಣ್ಣು ತುಂಬಿತು. ಮೊಸಳೆಯ ಎರಡು ತಲೆಗಳೂ ನಕ್ಕವು. ಅವನು ತಿರುಗಲಿಲ್ಲ. ಅವನು ಮೇಲಕ್ಕೆ ತಳ್ಳಿದಷ್ಟೂ ಹೊಳೆ ಕೆಳಕ್ಕೆ ಎಳೆಯಿತು, ಹರಿಗೋಲು ಮಾತ್ರ ನಿಧಾನವಾಗಿ ಅಡ್ಡಕ್ಕೆ ಜಾರುತ್ತಾ ಬಂದು ಮೆಟ್ಟಿಲಿಗೆ ತಾಗಿತು.

ಧೂಮಕೇಶ ಹೊಗೆಯಾಗಿ ಹೋದ. ಮೊಸಳೆ ಎರಡು ಮೀನಾಗಿ ನೀರಿಗೆ ಹಾರಿತು. ಕಲ್ಲು ಕರಗಿ ಸಂಪಿ ಬೊಮ್ಮನ ತೋಳಿಗೆ ಬಿದ್ದಳು.

ಆಮೇಲೆ ಸುಳಿನಾಡಿನಲ್ಲಿ ಎಲ್ಲರೂ ಚೆನ್ನಾಗಿದ್ದರು. ಇವರಿಬ್ಬರೂ ಚೆನ್ನಾಗಿದ್ದರು, ಒಂದು ಮಾತು ಬಿಟ್ಟು. ಸಂಪಿ ಆಗಾಗ ಕೇಳುತ್ತಿದ್ದಳು:

"ನೀವು ಆ ಕಡೆ ತಿರುಗಿದಾಗ, ನನ್ನ ಬಿಟ್ಟೇ ಹೋದಿರಿ ಅಂದುಕೊಂಡೆ. ಒಂದೇ ಒಂದು ಸಲ ನೋಡಬಾರದಿತ್ತಾ?"

"ನೋಡಿದ್ದರೆ ನಿನ್ನ ಹತ್ತಿರ ಬರೋಕಾಗ್ತಿರಲಿಲ್ಲ," ಅನ್ನುತ್ತಿದ್ದ ಬೊಮ್ಮ, ಅವಳನ್ನೇ ನೋಡುತ್ತಾ.