ಫಿಸ್ಟುಲಾ ಇದೆಯೇ, ಇಲ್ಲವೇ?

ಭಾವನ ಮಾನ ಕಳೆಯಬೇಕೆಂದು ಅವನು ತೀರ್ಮಾನಿಸಿದ್ದು ಸಿಟ್ಟಿನ ಭರದಲ್ಲಲ್ಲ. ಸಿಟ್ಟು ನೆತ್ತಿಗೇರಿದ್ದು ಆಸ್ಪತ್ರೆಯ ಸಭೆಯಲ್ಲಿ. ಅದು ಇಳಿದು, ತಣ್ಣಗಾಗಿ, ಎದೆಯಲ್ಲಿ ಗಟ್ಟಿಯಾಗಿ ಕೂತ ಮೇಲೆ ತೀರ್ಮಾನ ತಾನಾಗಿಯೇ ಬಂತು.

ಭಾವ ಎಂದರೆ ಅಕ್ಕನ ಗಂಡ, ಮಕ್ಕಳ ಸರ್ಜನ್. ತಮ್ಮನಾದ ಅವನು ಅದೇ ಆಸ್ಪತ್ರೆಯಲ್ಲಿ ಕೋಡರ್. ವೈದ್ಯರು ಬರೆದದ್ದನ್ನು ಓದಿ, ಪ್ರತಿ ಕಾಯಿಲೆಗೂ ಪ್ರತಿ ಶಸ್ತ್ರಚಿಕಿತ್ಸೆಗೂ ಸರಿಯಾದ ಕೋಡ್ ಹಾಕಿ ವಿಮಾ ಕಂಪನಿಗೆ ಕಳಿಸುವುದು ಅವನ ಕೆಲಸ. ಆ ಕೆಲಸದಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂಬುದು ಅವನ ನಂಬಿಕೆ, ಅದು ಸುಳ್ಳೂ ಅಲ್ಲ. ತಲೆನೋವಾಗಿದ್ದದ್ದು ಭಾವನ ಬರವಣಿಗೆ. ಗುದದ್ವಾರವಿಲ್ಲದೆ ಹುಟ್ಟುವ ಮಕ್ಕಳಿರುತ್ತವೆ. ಕೆಲವು ಮಕ್ಕಳಲ್ಲಿ ಕರುಳಿನ ತುದಿ ಸುಮ್ಮನೆ ಮುಚ್ಚಿಕೊಂಡಿರುತ್ತದೆ. ಇನ್ನು ಕೆಲವರಲ್ಲಿ ಅದು ಹೋಗಬಾರದ ಕಡೆಗೆ ಒಂದು ಕಳ್ಳದಾರಿ ಮಾಡಿಕೊಂಡಿರುತ್ತದೆ. ಆ ದಾರಿಯೇ ಫಿಸ್ಟುಲಾ. ಇದ್ದರೆ ಒಂದು ಕೋಡ್, ಇಲ್ಲದಿದ್ದರೆ ಇನ್ನೊಂದು. ಭಾವನೋ, "ಗುದದ್ವಾರವಿಲ್ಲ, ಸರಿಪಡಿಸಿದೆ" ಎಂದಷ್ಟೇ ಬರೆದು ಕೈತೊಳೆದುಕೊಳ್ಳುತ್ತಿದ್ದ. ಪ್ರತಿ ಮಗುವಿಗೂ ಇವನು ಭಾವನ ಬೆನ್ನು ಹತ್ತಿ, ಫಿಸ್ಟುಲಾ ಇದೆಯೇ, ಇಲ್ಲವೇ ಎಂದು ಫೈಲಿನಲ್ಲೇ ಬರೆದು ಕೇಳಬೇಕಿತ್ತು.

ಹೀಗೇ ಒಂದು ಅರೆಬರೆ ದಾಖಲೆಯನ್ನು ಕಂಪನಿ ತಿರಸ್ಕರಿಸಿತು. ಯಾಕೆ ಎಂದು ಸಭೆಯಲ್ಲಿ ನಿರ್ದೇಶಕರು ಕೇಳಿದಾಗ ಭಾವ ನಕ್ಕ.

"ಮಗು ಬದುಕಿಸೋದು ನನ್ನ ಕೆಲಸ. ಬರೆಯೋದು ಗುಮಾಸ್ತರ ಕೆಲಸ. ನಮ್ಮ ಮನೆಯವನೇ, ಸ್ವಲ್ಪ ನಿಧಾನ ಅಷ್ಟೆ."

ಎಲ್ಲರೂ ನಕ್ಕರು. ಅವನೂ ಹಲ್ಲು ಕಿರಿದ. ಅವನಿಗೆ ಬರಬೇಕಿದ್ದ ಕೋಡಿಂಗ್ ವಿಭಾಗದ ಮುಖ್ಯಸ್ಥನ ಕುರ್ಚಿ ಅವನಿಗಿಂತ ತಡವಾಗಿ ಸೇರಿದವಳ ಪಾಲಾಯಿತು. ಕುರ್ಚಿ ಹೋದದ್ದನ್ನಾದರೂ ಮರೆಯಬಹುದಿತ್ತು, ತಾನೂ ನಕ್ಕಿದ್ದನ್ನು ಅವನಿಂದ ಮರೆಯಲಾಗಲಿಲ್ಲ. ಅಂದಿನಿಂದ ಭಾವನಿಗೆ ಎದುರಿಗೆ ಬಹುವಚನ, ಮನಸ್ಸಿನಲ್ಲಿ ಏಕವಚನ.

ಉಪಾಯ ಸರಳವಾಗಿತ್ತು. ಭಾವ ಸಣ್ಣ ಶಸ್ತ್ರಚಿಕಿತ್ಸೆ ಮಾಡಿ ದೊಡ್ಡದರ ಲೆಕ್ಕ ತೋರಿಸಿದ್ದಾನೆಂದು ಕಂಪನಿಗೆ ಕಾಣಬೇಕು. ಅದಕ್ಕೆ ತಕ್ಕ ಮಗುವೂ ಸಿಕ್ಕಿತು. ಗಂಡುಮಗು. ದ್ವಾರವಿರಬೇಕಾದ ಜಾಗವನ್ನು ತೆಳು ಪೊರೆಯೊಂದು ಮುಚ್ಚಿತ್ತು. ಅದನ್ನು ಕೆಳಗಿನಿಂದಲೇ ಬಿಡಿಸಿ ಸರಿಮಾಡಿ ಮನೆಗೆ ಕಳಿಸಿದ್ದರು. ಶಸ್ತ್ರಚಿಕಿತ್ಸೆಯ ಟಿಪ್ಪಣಿಯನ್ನು ಭಾವ ಎಂದಿನಂತೆ ಇನ್ನೂ ಬರೆದಿರಲಿಲ್ಲ.

ಮಧ್ಯಾಹ್ನ ಅಕ್ಕ ಕಳಿಸುವ ಊಟದ ಡಬ್ಬಿಯನ್ನು ಭಾವನ ಕೋಣೆಗೆ ಮುಟ್ಟಿಸುವುದು ಅವನ ಪಾಲಿನ ಇನ್ನೊಂದು ಕೆಲಸ, ಸಂಬಳವಿಲ್ಲದ್ದು. ಉಂಡ ಮೇಲೆ ಭಾವ ಬಾಗಿಲು ಹಾಕಿಕೊಂಡು ಸೋಫಾದ ಮೇಲೆ ಉರುಳುತ್ತಿದ್ದ. ಕೇಳಿದವರಿಗೆ "ಓದ್ತಾ ಇದ್ದೆ" ಎನ್ನುತ್ತಿದ್ದ. ಕಂಪ್ಯೂಟರ್ ಭಾವನದೇ ಲಾಗಿನ್‌ನಲ್ಲಿ ತೆರೆದೇ ಇರುತ್ತಿತ್ತು. ಆ ಹೊತ್ತಿನಲ್ಲಿ ಬರೆದದ್ದು ಯಾರದೆಂದರೆ ಭಾವನದೇ. ಅಲ್ಲವೆನ್ನಬೇಕಾದರೆ ಕೆಲಸದ ವೇಳೆಯಲ್ಲಿ ಗೊರಕೆ ಹೊಡೆಯುತ್ತಿದ್ದೆ ಎಂದು ಒಪ್ಪಿಕೊಳ್ಳಬೇಕು. ಸತ್ತರೂ ಒಪ್ಪುವವನಲ್ಲ.

ಆ ದಿನ ಅವನು ಡಬ್ಬಿ ತೆಗೆದುಕೊಳ್ಳುವ ನೆಪದಲ್ಲಿ ಒಳಗೆ ಹೋದ. ಗೊರಕೆ ಹದಕ್ಕೆ ಬರುವವರೆಗೆ ನಿಂತ. ಆಮೇಲೆ ಬರೆದ. ಭಾವನ ತುಂಡು ವಾಕ್ಯಗಳು, ಭಾವನ ಅವಸರ, ಭಾವ ಯಾವಾಗಲೂ ತಪ್ಪು ಬರೆಯುವ ಪದ, ಎಲ್ಲವೂ ಬಂದವು. ಕರುಳಿನ ತುದಿ ಬಹಳ ಮೇಲಿದೆ, ಮೂತ್ರನಾಳಕ್ಕೆ ಫಿಸ್ಟುಲಾ ಇದೆ, ಹೊಟ್ಟೆ ತೆರೆದು ಕರುಳನ್ನು ಕೆಳಗಿಳಿಸಿ ಕೂಡಿಸಿದೆ. ಅರಿವಳಿಕೆಯವರ ದಾಖಲೆ ಬೇರೆ ಹೇಳುತ್ತದೆ. ಹೇಳಲಿ, ಬೇಕಾದದ್ದೂ ಅದೇ. ಭಾವನ ಹೆಸರಿನಲ್ಲೇ ಸಹಿಯನ್ನೂ ಒತ್ತಿದ. ಸಹಿಯಾದ ಟಿಪ್ಪಣಿ ಕಂಡರೆ ಭಾವ ತಾನೇ ಬರೆದೆನೆಂದುಕೊಳ್ಳುತ್ತಾನೆ, ಮತ್ತೆ ತೆರೆದು ನೋಡುವ ಜಾತಿಯೇ ಅಲ್ಲ. ಖಾಲಿ ಡಬ್ಬಿ ಹಿಡಿದು ಅವನು ಕೆಳಗಿಳಿದ, ತನ್ನ ಮೇಜಿನಲ್ಲಿ ಕೂತು ಅದಕ್ಕೆ ತಕ್ಕ ಕೋಡ್‌ಗಳನ್ನು ಹಾಕಿದ. ಕಂಪನಿ ಹಣ ಕೊಟ್ಟ ಮೇಲೆ ಹೆಸರು ಹೇಳದೆ ಅವರಿಗೊಂದು ಫೋನ್ ಮಾಡಿದ.

ಕಂಪನಿಯಿಂದ ತಪಾಸಣೆಗೆ ಬಂದದ್ದು ನರೆಗೂದಲಿನ ಹೆಂಗಸು, ಮಾತು ಕಡಿಮೆ. ಮಗುವನ್ನು ಕರೆಸಿದರು. ಅಂಗಿ ಎತ್ತಿದರೆ ಹೊಟ್ಟೆ ನುಣ್ಣಗಿತ್ತು, ಹೊಲಿಗೆಯ ಗುರುತೇ ಇಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಮಗುವಿನ ತಾಯಿ ಇವನನ್ನೇ ತಡೆದು ಕೇಳಿದಳು.

"ಸಾರ್, ಇವನಿಗೆ ಇನ್ನೊಂದು ಆಪರೇಷನ್ ಬಾಕಿ ಇದೆಯಾ? ಹೊಟ್ಟೆ ಕುಯ್ದಿಲ್ವಾ ಅಂತ ಕೇಳ್ತಿದಾರೆ."

"ಏನಿಲ್ಲಮ್ಮ, ಬರೀ ಕಾಗದದ ಕೆಲಸ" ಎಂದ. ಅವಳು ಮಗುವನ್ನು ಇನ್ನಷ್ಟು ಅವಚಿಕೊಂಡಳು. ಅವನಿಗೆ ಒಂದು ಕ್ಷಣ ಪಿಚ್ಚೆನಿಸಿತು. ಭಾವನ ಮುಖ ನೆನೆದು ಅದನ್ನು ನುಂಗಿಕೊಂಡ.

ಸಂಜೆ ಅಕ್ಕನ ಫೋನು. "ನಿಮ್ಮ ಭಾವ ಅನ್ನ ಮುಟ್ಟಿಲ್ಲ ಕಣೋ. ನಾನು ಬರೆದೇ ಇಲ್ಲ ಅಂತಾರೆ. ಯಾರೂ ನಂಬ್ತಿಲ್ಲ. ನೀನಾದ್ರೂ ಹೇಳೋ, ದಾಖಲೆ ನೋಡೋನು ನೀನೇ ತಾನೆ?"

"ನಾನೇನು ಹೇಳ್ಲಿ ಅಕ್ಕ, ನಾನು ಗುಮಾಸ್ತ" ಎಂದ. ಹೇಳಿ ಫೋನಿಟ್ಟ ಮೇಲೆ ಅವನಿಗೆ ಚೆನ್ನಾಗಿ ನಿದ್ದೆ ಬಂತು.

ಮರುದಿನ ತಪಾಸಣೆಯ ಹೆಂಗಸು ಅವನನ್ನು ಕರೆಸಿದಳು. ಒಂದು ಸಹಿಗೆ ಇರಬೇಕು ಎಂದುಕೊಂಡೇ ಹೋದ. ಮೇಜಿನ ಮೇಲೆ ಭಾವನ ಹಳೆಯ ಫೈಲುಗಳೆಲ್ಲ ಹರಡಿದ್ದವು. "ಕೂತ್ಕೊಳ್ಳಿ. ನಾನೂ ಕೋಡರ್ ಆಗಿದ್ದವಳೇ" ಎಂದು ಆ ಮಗುವಿನ ಟಿಪ್ಪಣಿಯನ್ನು ಅವನತ್ತ ತಿರುಗಿಸಿದಳು. "ಎಷ್ಟು ಚೆನ್ನಾಗಿ ಬರೆದಿದೆ ನೋಡಿ. ಕರುಳು ಎಲ್ಲಿ ನಿಂತಿದೆ, ಫಿಸ್ಟುಲಾ ಎಲ್ಲಿಗೆ, ಏನು ಮಾಡಿದ್ರು, ನಮಗೆ ಏನೇನು ಬೇಕೋ ಎಲ್ಲಾ ಇದೆ." ಅವನು ಸಂತೋಷದಿಂದಲೇ ತಲೆಯಾಡಿಸಿದ. ಇಂಥ ಟಿಪ್ಪಣಿಯೊಂದನ್ನು ಓದಬೇಕೆಂದು ಅವನು ಎಷ್ಟು ಕಾಲದಿಂದ ಆಸೆಪಟ್ಟಿದ್ದ. ಅವಳು ಉಳಿದ ಫೈಲುಗಳ ಮೇಲೆ ಕೈಯಿಟ್ಟಳು. "ಇವುಗಳಲ್ಲಿ ಒಂದರಲ್ಲೂ ಇಲ್ಲ. ನೀವು ಕೇಳಿದ ಮೇಲೇ ಅವರು ಬರೆದಿರೋದು, ಅದೂ ಬೈಕೊಂಡು. ಇದೊಂದರಲ್ಲಿ ಮಾತ್ರ ನೀವು ಏನೂ ಕೇಳಿಲ್ಲ."