ಹೊಗೆಕೋಣೆಯ ಬಾಗಿಲಲ್ಲಿ ಇಲ್ಲದ ಚಪ್ಪಲಿ

ಮಾರ್ಚ್ ಹನ್ನೆರಡರ ಸಂಜೆ ಸುಂದರಾ ಕಾಗವಾಡ ಠಾಣೆಯ ಮೆಟ್ಟಿಲು ಹತ್ತಿದಾಗ ಅವಳ ಸೀರೆಗೆ ಇನ್ನೂ ಗಂಧಕದ ವಾಸನೆಯಿತ್ತು. ಮಗಳು ನೀಲಮಳನ್ನು ಮಿರಜದ ಆಸ್ಪತ್ರೆಗೆ ಸೇರಿಸಿ ನೇರವಾಗಿ ಬಂದಿದ್ದಳು. ಮಗಳು ಕೆಲಸಕ್ಕೆ ಹೋಗುವ ಒಣದ್ರಾಕ್ಷಿ ಶೆಡ್ಡಿನಲ್ಲಿ ಹಣ್ಣು ಕೆಡದಂತೆ ಗಂಧಕದ ಹೊಗೆ ಹಾಕುವ ಭರಮು, ಅವಳನ್ನು ಹೊಗೆಕೋಣೆಯಲ್ಲಿ ಕೂಡಿಹಾಕಿ ಕೊಲ್ಲಲು ನೋಡಿದ್ದಾನೆ ಎಂಬುದು ಅವಳ ದೂರು. ಪಿಎಸ್‌ಐ ಸುಲ್ತಾನಾ ಎಫ್‌ಐಆರ್ ದಾಖಲಿಸಿ ಭರಮುವನ್ನು ಕರೆಸಿದರು. ಮುದುಕ ಬಂದು ಅವರೆದುರು ನಿಂತ.

"ಅಗಳಿ ನೀವ ಹಾಕಿದ್ರೇನು?"

"ಹೌದ್ರಿ, ನಾನ ಹಾಕೀನಿ."

"ಒಳಗ ಹುಡುಗಿ ಇದ್ಳಲ್ಲ?"

"ಬಾಗಲ ಮುಂದ ಚಪ್ಪಲಿ ಇರಲಿಲ್ರಿ."

ಇದೆಂಥ ಉತ್ತರ ಎಂದು ಸುಲ್ತಾನಾಗೆ ಆಗ ತಿಳಿಯಲಿಲ್ಲ. ಮರುದಿನ ಪಂಚನಾಮೆಗೆ ಹೋದಾಗ ತಿಳಿಯಿತು. ದ್ರಾಕ್ಷಿ ತಿನ್ನುವ ಮಾಲು, ಹಾಗಾಗಿ ಕೋಣೆಯೊಳಗೆ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ಹೊರಗೆ ಚಪ್ಪಲಿ ಕಾಣದಿದ್ದರೆ ಒಳಗೆ ಯಾರೂ ಇಲ್ಲವೆಂದೇ ಲೆಕ್ಕ. ಬಾಗಿಲು ಹಾಕುವ ಮುನ್ನ ಒಂದು ಸಲ ಇಣುಕಿ ನೋಡಲು ಇವರಿಗೇನು ದಾಡಿ ಎಂದು ಯಾರಿಗಾದರೂ ಅನಿಸಬೇಕು, ಇಷ್ಟು ವರ್ಷದಲ್ಲಿ ಒಬ್ಬರಿಗೂ ಅನಿಸಿರಲಿಲ್ಲ. ನೀಲಮ ಕ್ರೇಟುಗಳ ಹಿಂದೆ ಕಸ ಗುಡಿಸುತ್ತಿದ್ದಳು. ಅವಳು ಬಾಗಿಲು ಬಡಿದದ್ದು ಮಷಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಪುಣ್ಯಕ್ಕೆ ಕರೆಂಟು ಹೋಗಿ ಮಷಿನ್ನು ನಿಂತಿತು, ಬಡಿತ ಕೇಳಿ ಬಾಗಿಲು ತೆಗೆದದ್ದರಿಂದ ಬದುಕಿದಳು.

ಅಲ್ಲಿಂದ ಸುಲ್ತಾನಾ ಮಿರಜಕ್ಕೆ ಹೋದರು. ನೀಲಮ ಮೂಗಿನ ನಳಿಕೆ ಸರಿಸಿ, ಚಪ್ಪಲಿ ಹೊರಗೇ ಬಿಟ್ಟಿದ್ದೆ ಎಂದಳು. ಅವಳಾಗಲಿ ಭರಮುವಾಗಲಿ ಸುಳ್ಳು ಹೇಳುವಂತೆ ಕಾಣಲಿಲ್ಲ. ಪ್ರಕರಣದ ತಲೆಬುಡ ಹತ್ತಲಿಲ್ಲ. ಮುದುಕನನ್ನು ಬಿಡುವುದೋ ಕೋರ್ಟಿಗೆ ಹಾಜರುಪಡಿಸುವುದೋ ಎಂದು ದಾರಿಯುದ್ದಕ್ಕೂ ಯೋಚಿಸಿದರು. ಚಪ್ಪಲಿಗೇನು ರೆಕ್ಕೆ ಬಂದಿರಲಾರದು, ಇಡೀ ಶೆಡ್ಡು ಹುಡುಕಿ ಎಂದು ಹೆಡ್ ಕಾನ್‌ಸ್ಟೇಬಲ್ ತುಕಾರಾಮನಿಗೆ ಫೋನು ಮಾಡಿದರು.

ಸುಲ್ತಾನಾ ಶೆಡ್ಡಿಗೆ ಮರಳುವಷ್ಟರಲ್ಲಿ ತುಕಾರಾಮ ಏಣಿ ಹಾಕಿ ತಗಡಿನ ಚಾವಣಿಯನ್ನೂ ಹತ್ತಿದ್ದ. ಮೇಲೆ ಮೂರು ಜೊತೆ ಚಪ್ಪಲಿ ಸಿಕ್ಕವು. ಎರಡು ಜೊತೆ ನೀಲಮಳವು ಎಂದು ಶೆಡ್ಡಿಗೆ ಕರೆಸಿದ್ದ ಸುಂದರಾ ಗುರುತಿಸಿದಳು.

"ಈ ಹಳೇವು ಕಳದ್ವು ಅಂದಿದ್ಳ್ರಿ. ನಾ ಅಕೀನ್ನ ಬೈದೀನಿ," ಎಂದು ಹಳೆಯ ಜೊತೆಯ ಧೂಳನ್ನು ಸೆರಗಿನಿಂದ ಒರೆಸಿದಳು.

ಚಪ್ಪಲಿ ಮೇಲೆ ಎಸೆಯುವುದು ಹುಡುಗಿಯರ ಚೇಷ್ಟೆ, ನೀಲಮ ಬಂದು ದೂರಿದಾಗ ನಕ್ಕು ಕಳಿಸಿದ್ದೆ ಎಂದ ಸೂಪರ್‌ವೈಸರ್ ವಿಕ್ರಾಂತ. ಈಗಲೂ ಅವನಿಗೆ ನಗುವೇ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಸುಲ್ತಾನಾಗೆ ಮೈಯೆಲ್ಲ ಉರಿಯಿತು.

ಮೂರನೆಯ ಜೊತೆ ಬಿಸಿಲಿಗೆ ಬಿಳಿಚಿತ್ತು, ಅದರ ಪಟ್ಟಿಗೆ ನೀಲಿ ದಾರದ ಹೊಲಿಗೆಯಿತ್ತು. ಯಾರದೆಂದು ಕೇಳಿದರೆ ಹೆಂಗಸರೆಲ್ಲ ನೆಲ ನೋಡಿದರು. ಬಾಗಿಲ ಬಳಿ ಸಾಲಾಗಿ ಬಿಟ್ಟಿದ್ದ ಚಪ್ಪಲಿಗಳಲ್ಲಿ ಒಂದಕ್ಕೆ ಅದೇ ನೀಲಿ ಹೊಲಿಗೆ ಕಂಡಿತು. ಅದು ಶೆಡ್ಡಿನ ಕೆಲಸದ ಹುಡುಗಿ ಸೋನಾಲಿಯದು. ಇವಳೂ ಕಿರುಕುಳ ಅನುಭವಿಸಿದವಳು, ಒಳ್ಳೆಯ ಸಾಕ್ಷಿ ಸಿಕ್ಕಳು ಎಂದುಕೊಂಡು ಸುಲ್ತಾನಾ ಅವಳನ್ನು ಬೇರೆ ಕೂರಿಸಿ ಹೇಳಿಕೆ ಬರೆಯತೊಡಗಿದರು.

"ನಿನ್ನ ಚಪ್ಪಲಿ ತಗಡಿನ ಮ್ಯಾಲ ಯಾರು ಒಗದ್ರು?"

"ಎಲ್ಲಾರೂ ಒಗೀತಿದ್ರು. ಬರಿಗಾಲಿಲೆ ಮನಿಗೆ ಹೋಗ್ತಿದ್ನಿ."

"ಯಾವಾಗ ನಿಲ್ಲಿಸಿದ್ರು?"

"ನೀಲಮ ಕೆಲಸಕ್ಕ ಬಂದ ಮ್ಯಾಲ."

"ನೀಲಮಂದು ಯಾರು ಒಗದ್ರು?"

ಸೋನಾಲಿ ತನ್ನ ಚಪ್ಪಲಿಯತ್ತ ತಿರುಗಿ ನೋಡಿದಳು.

"ನಾನ್ರಿ. ಹೊಗಿ ಹಾಕ್ತಾರಂತ ನೆನಪ ಆಗ್ಲಿಲ್ಲ. ನಾ ಒಗೀದಿದ್ರ ಮತ್ತ ನನ್ನವ ಒಗೀತಿದ್ರು."

ಸುಲ್ತಾನಾರ ಪೆನ್ನು ನಿಂತಿತು. ಇವಳನ್ನು ನೊಂದವಳು ಎನ್ನಬೇಕೋ ಆರೋಪಿ ಎನ್ನಬೇಕೋ ಅವರಿಗೆ ತೋಚಲಿಲ್ಲ. ಕೊನೆಗೆ ಕಾನೂನು ಹೇಳಿದಂತೆ ಆರೋಪಿ ಎಂದೇ ಬರೆದರು. ದೂರು ಕೇಳಿಯೂ ನಕ್ಕ ವಿಕ್ರಾಂತನನ್ನು ಎರಡನೆಯ ಆರೋಪಿ ಮಾಡಿದರು. ಅಂದು ಸಂಜೆಯೇ ಇಬ್ಬರನ್ನೂ ಬಂಧಿಸಿ, ಭರಮುವನ್ನು ಮನೆಗೆ ಕಳಿಸಿದರು.

ಠಾಣೆಯ ಬಾಗಿಲಲ್ಲಿ ಮಹಿಳಾ ಪೇದೆ ಸೋನಾಲಿಗೆ ಚಪ್ಪಲಿ ಹೊರಗೆ ಬಿಡಲು ಹೇಳಿದಳು. ಸೋನಾಲಿ ಕಳಚಿದಳು, ಆದರೆ ಬಿಡಲಿಲ್ಲ. ಎರಡನ್ನೂ ಎತ್ತಿ ಎದೆಗವಚಿಕೊಂಡು ನಿಂತಳು. ಪೇದೆ ಕೈಚಾಚಿದಾಗ ಸುಲ್ತಾನಾ ತಡೆದು, ಇರಲಿ ಬಿಡು ಎಂದರು.